ಧ್ರುವದ ಆಕಾಶ ಮಿಣುಕೋದು ಯಾಕೆ?

ಅರೋರಾ ಅಂದ್ರೆ ರೀಲ್ಸ್‌ನಲ್ಲಿ ನೋಡಿದ ಹಸಿರು ಪರದೆ ನೆನಪಾಗುತ್ತೆ, ಅಲ್ವಾ? ನಾನು ಇವತ್ತು ಹೇಳೋದು ಕಣ್ಣಿಗೆ ಕಾಣದ ಅದರ ಇನ್ನೊಂದು ಮುಖದ ಬಗ್ಗೆ.

2016ರ ಏಪ್ರಿಲ್‌ನಲ್ಲಿ ರಷ್ಯಾ ‘ಲೊಮೊನೊಸೊವ್’ ಉಪಗ್ರಹ ಹಾರಿಸಿತು. ಅದರ ‘ಟುಸ್’ ಉಪಕರಣದ ಮುಖ್ಯ ಕೆಲಸ ಕಾಸ್ಮಿಕ್ ಕಿರಣ ಹುಡುಕೋದು. ಆದ್ರೆ ಧ್ರುವಗಳ ಕಡೆ ಹೋದಾಗ ಅದಕ್ಕೆ ಮಿಣುಕುವ ನೇರಳಾತೀತ ಬೆಳಕೂ ಸಿಕ್ಕಿತು.

ಅರೋರಾ ಮಿಣುಕೋದು ಹೇಗೆ? ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳು ಉತ್ತರ-ದಕ್ಷಿಣ ಓಡಾಡ್ತಿರುತ್ತವೆ. ‘ಕೋರಸ್’ ಎಂಬ ಪ್ಲಾಸ್ಮಾ ಅಲೆಗಳು ಬಿಟ್ಟುಬಿಟ್ಟು ಬಂದು ಅವುಗಳ ದಾರಿ ತಪ್ಪಿಸುತ್ತವೆ. ಹಾಗೆ ಕೆಳಗೆ ಬಿದ್ದವು ಸುಮಾರು 100 ಕಿ.ಮೀ. ಎತ್ತರದಲ್ಲಿ ನೈಟ್ರೋಜನ್‌ಗೆ ಡಿಕ್ಕಿ ಹೊಡೆದಾಗ ನೇರಳಾತೀತ ಬೆಳಕು ಹೊಮ್ಮುತ್ತೆ. ಅಲೆ ಬಂದ್ರೆ ಬೆಳಕು, ನಿಂತ್ರೆ ಮಬ್ಬು. ಜಪಾನಿನ ‘ಅರಾಸೆ’ ಉಪಗ್ರಹದ ಅಳತೆಗಳು 2018ರಲ್ಲಿ ಈ ಕೊಂಡಿಯನ್ನು ನೇರವಾಗಿ ತೋರಿಸಿದವು.

ಇದು ಬರೀ ಲೈಟ್ ಶೋ ಅಲ್ಲ. ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳು ಇನ್ನೂ ಕೆಳಗಿಳಿದು, 70 ಕಿ.ಮೀ. ಆಸುಪಾಸಿನ ಓಝೋನ್ ಕರಗಿಸಬಲ್ಲವು. ಅದು ನಮ್ಮನ್ನು ಕಾಯುವ ಪದರ ಅಲ್ಲ, ಅದಕ್ಕಿಂತ ತುಂಬಾ ಮೇಲಿನದು. ಆದ್ರೂ ವಾತಾವರಣದ ಲೆಕ್ಕದಲ್ಲಿ ಅದನ್ನು ಬಿಡೋ ಹಾಗಿಲ್ಲ. ಆ ಎಲೆಕ್ಟ್ರಾನ್ ಮಳೆಗೆ ಈ ಮಿಣುಕೇ ರಸೀದಿ!