ಮೂರು ನ್ಯಾನೊಮೀಟರ್ ಕಿಂಡಿ

ಈ ಫಿಲ್ಟರನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಬೆರಳಿನ ಗುರುತು ಬಿದ್ದರೆ ಒರೆಸುವುದೇ ಒಂದು ಕಷ್ಟ. ಎರಡು ಇಂಚಿನ ಬಿಲ್ಲೆ, ಮೈಯೆಲ್ಲ ಕನ್ನಡಿಯ ಹೊಳಪು. ಟ್ಯೂಬ್‌ಲೈಟಿನ ಎದುರು ಹಿಡಿದರೆ ಆಚೆಗೆ ದಾಟುವುದು ಹಸಿರೋ ನೀಲಿಯೋ ಎಂದು ಹೇಳಲಾಗದ ಒಂದು ಮಸುಕು ಛಾಯೆ. 500.7 ನ್ಯಾನೊಮೀಟರ್ ತರಂಗಾಂತರದ ಸುತ್ತಲಿನ ಮೂರು ನ್ಯಾನೊಮೀಟರಿಗೆ ಮಾತ್ರ ಇಲ್ಲಿ ಪ್ರವೇಶ. ನಮ್ಮ ಕಣ್ಣು ಕಾಣುವ ಬೆಳಕಿನ ಹರವು ಸುಮಾರು ಮುನ್ನೂರು. ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಬಾಗಿಲಲ್ಲೇ ವಾಪಸು.

ಮೊದಲೇ ಮಂಕಾದ ನೀಹಾರಿಕೆಯ ಫೋಟೊ ತೆಗೆಯಲು ಹೊರಟವರು ಬೆಳಕನ್ನೇ ತಡೆಯುವುದೇ? ನ್ಯಾರೋಬ್ಯಾಂಡ್ ಛಾಯಾಗ್ರಹಣದ ಗುಟ್ಟು ಅದೇ. ಬೆಂಗಳೂರಿನ ತಾರಸಿಯಿಂದ ಕಾಣುವ ಆಕಾಶದ ಬಿಳುಪು ಬೀದಿದೀಪಗಳದ್ದು, ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ನೀಹಾರಿಕೆಯ ಅನಿಲ ಹಾಗಲ್ಲ. ನಕ್ಷತ್ರದ ಅತಿನೇರಳೆ ಕಿರಣ ತಾಕಿದ ಜಲಜನಕ 656.3 ನ್ಯಾನೊಮೀಟರಿನಲ್ಲಿ ಕೆಂಪಾಗಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 500.7ರಲ್ಲಿ, ಗಂಧಕ 672ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಕಿಂಡಿಯನ್ನು ಅಷ್ಟಕ್ಕೇ ತೆರೆದರೆ ಊರಿನ ಬೆಳಕು ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ನೀಹಾರಿಕೆಯದು ಹೆಚ್ಚುಕಡಿಮೆ ಪೂರ್ತಿ ಒಳಬರುತ್ತದೆ. ಜಲಜನಕದ ಕೆಲಸ ಬೆಳದಿಂಗಳಲ್ಲೂ ನಡೆದೀತು. ಆಮ್ಲಜನಕಕ್ಕೆ ಮಾತ್ರ ಅಮಾವಾಸ್ಯೆಯ ಎಡಬಲದ ದಿನಗಳೇ ಬೇಕು.

ಆ ಆಮ್ಲಜನಕದ ಗೆರೆಗೆ ದೊಡ್ಡ ಕಥೆಯೇ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ಎಂದು ಈಗ ಕರೆಯುವ ನೀಹಾರಿಕೆಯ ರೋಹಿತ ನೋಡಿದಾಗ ಹಸಿರು ಗೆರೆಗಳು ಕಂಡವು. ಭೂಮಿಯ ಮೇಲಿನ ಯಾವ ಧಾತುವಿಗೂ ಅವು ಹೊಂದದ್ದರಿಂದ 'ನೆಬ್ಯುಲಿಯಂ' ಎಂಬ ಹೊಸ ಧಾತುವೇ ಇರಬೇಕೆಂಬ ಊಹೆ ಹುಟ್ಟಿತು. ಅದು ಆಮ್ಲಜನಕವೇ ಎಂದು ಅಮೆರಿಕದ ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ. ನಮ್ಮ ಪ್ರಯೋಗಾಲಯದ ಅನಿಲದಲ್ಲಿ ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಲೇ ಇರುತ್ತವೆ, ಈ ಬೆಳಕು ಹೊರಡಲು ಪುರುಸೊತ್ತೇ ಸಿಗುವುದಿಲ್ಲ. ನೀಹಾರಿಕೆಯ ಅನಿಲ ಅಷ್ಟು ವಿರಳ, ಅಲ್ಲಿ ಪರಮಾಣುವಿಗೆ ಬೇಕಾದಷ್ಟು ಹೊತ್ತು ಇದೆ.

ಈ ಗೆರೆಯ ಬೆನ್ನುಹತ್ತಿದವರಿಗೆ ಸಿಕ್ಕ ಬಹುಮಾನ ಸ್ಕ್ವಿಡ್ ನೀಹಾರಿಕೆ. ಸೀಫಿಯಸ್ ನಕ್ಷತ್ರಪುಂಜದ ಆ ಭಾಗದ ಕೆಂಪು ಮೋಡ 1959ರ ಶಾರ್ಪ್‌ಲೆಸ್ ಪಟ್ಟಿಯಲ್ಲಿ 129ನೆಯದು, ಎಲ್ಲರಿಗೂ ಗೊತ್ತಿದ್ದದ್ದೇ. ಅದರ ನಡುವೆಯೇ, ಎರಡು ಪೂರ್ಣಚಂದ್ರರನ್ನು ಸಾಲಾಗಿಟ್ಟರೂ ಮಿಗುವಷ್ಟು ಉದ್ದದ ನೀಲಿ ಜೀವಿಯೊಂದು ಮಲಗಿತ್ತು. 2011ರಲ್ಲಿ ಫ್ರಾನ್ಸಿನ ಹವ್ಯಾಸಿ ನಿಕೊಲಾ ಉಟೇರ್ ಆಮ್ಲಜನಕದ ಫಿಲ್ಟರ್ ಹಾಕಿ ತೆಗೆದ ಚಿತ್ರದಲ್ಲಿ ಅದು ಎದ್ದುಬಂತು. ಉಟೇರ್ ಎಂಬ ಹೆಸರಿನ ಮೊದಲೆರಡು ರೋಮನ್ ಅಕ್ಷರಗಳಿಂದಲೇ ಇಂದು ಅದು ಓಯು4. ಹಿಂದಿನ ದೊಡ್ಡ ಸಮೀಕ್ಷೆಗಳು ಹುಡುಕಿದ್ದು ಹೆಚ್ಚಾಗಿ ಕೆಂಪನ್ನು. ಇದರಲ್ಲಿ ಕೆಂಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ನಮ್ಮ ಊರಿನಿಂದ ಸ್ಕ್ವಿಡ್ ಹಿಡಿಯುವುದು ಸುಲಭವಲ್ಲ. ಉತ್ತರದಲ್ಲಿ ನಲವತ್ತಮೂರು ಡಿಗ್ರಿಗಿಂತ ಮೇಲೇರದು. ಮಳೆಯ ಮೋಡ ಸರಿಯುವ ನವೆಂಬರಿಗೆ ಪಶ್ಚಿಮಕ್ಕೆ ವಾಲಿರುತ್ತದೆ, ರಾತ್ರಿಗೆ ಎರಡೋ ಮೂರೋ ಗಂಟೆ ದಕ್ಕಿದರೆ ಪುಣ್ಯ. ಹತ್ತು ನಿಮಿಷದ ಒಂದು ಎಕ್ಸ್‌ಪೋಷರ್ ತೆರೆದು ನೋಡಿದರೆ ನಕ್ಷತ್ರಗಳು, ಅಡ್ಡ ಹಾದ ಉಪಗ್ರಹದ ಗೀರು, ಬೂದು ಹಿನ್ನೆಲೆ, ಅಷ್ಟೇ. ಇಂಥವನ್ನು ನೂರಾರು ಸೇರಿಸಿ ಸರಾಸರಿ ತೆಗೆಯುವುದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ಚಿತ್ರ ಎರಡರಷ್ಟು ಸ್ವಚ್ಛವಾಗಬೇಕಾದರೆ ನಾಲ್ಕರಷ್ಟು ಹೊತ್ತು ಬೇಕು. ಈ ಲೆಕ್ಕಕ್ಕೆ ಅಡ್ಡದಾರಿ ಇಲ್ಲ.

ಬೆಳಗಿನ ಜಾವ ಇನ್ನೊಂದು ಕೆಲಸವಿದೆ. ಟೆಲಿಸ್ಕೋಪಿನ ಬಾಯಿಗೆ ಒಗೆದ ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿದು, ನಸುಕಿನ ಆಕಾಶಕ್ಕೆ ತಿರುಗಿಸಿ ಮೂವತ್ತು ನಲವತ್ತು ಚಿತ್ರ ತೆಗೆಯುತ್ತೇನೆ. ಗಾಜಿನ ಮೇಲಿನ ಧೂಳಿನ ನೆರಳು, ಅಂಚಿನ ಕತ್ತಲು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಆಮೇಲೆ ಮೂಲ ಚಿತ್ರವನ್ನು ಇದರಿಂದ ಭಾಗಿಸಬೇಕು. ಇದನ್ನು ತಪ್ಪಿಸಿದರೆ ಧೂಳಿನ ಕಣವೇ ನೀಹಾರಿಕೆಯಾಗಿಬಿಡುತ್ತದೆ. ಒಮ್ಮೆ ವಾರವಿಡೀ ಕೂಡಿಸಿದ ಚಿತ್ರದಲ್ಲಿ ದುಂಡನೆಯ ಮಸುಕು ಉಂಗುರ ಕಂಡು ರಾತ್ರಿ ನಿದ್ದೆ ಬರಲಿಲ್ಲ. ಪಕ್ಕದ ಪ್ರಖರ ನಕ್ಷತ್ರದ ಬೆಳಕು ಫಿಲ್ಟರಿನೊಳಗೇ ಪುಟಿದು ಮೂಡಿದ ಪ್ರಭೆ ಅದು. ಟೆಲಿಸ್ಕೋಪನ್ನು ಕೊಂಚ ಸರಿಸಿ ಮತ್ತೆ ತೆಗೆದಾಗ ಉಂಗುರವೂ ಜಾಗ ಬದಲಿಸಿತ್ತು.

ಅದಕ್ಕೇ ಆಂಡ್ರೊಮೆಡಾದ ಸುದ್ದಿ ಬಂದಾಗ ಅನುಮಾನ ಸಹಜವಾಗಿತ್ತು. ಪ್ರತಿ ಹವ್ಯಾಸಿಯೂ ಫೋಟೊ ತೆಗೆಯುವ ಗ್ಯಾಲಕ್ಸಿ ಅದು. 2022ರಲ್ಲಿ ಯಾನ್ ಸೆಂಟಿ, ಕ್ಸೇವಿಯೆ ಸ್ಟ್ರಾಟ್ನರ್, ಮಾರ್ಸೆಲ್ ಡ್ರೆಕ್ಸ್ಲರ್ ಎಂಬ ಮೂವರು ಹವ್ಯಾಸಿಗಳಿಗೆ ಅದರ ಪಕ್ಕದಲ್ಲೇ ಒಂದೂವರೆ ಡಿಗ್ರಿ ಉದ್ದದ ಆಮ್ಲಜನಕದ ಕಮಾನು ಕಂಡಿತು. ನೂರು ಗಂಟೆಗೂ ಮಿಕ್ಕಿದ ಎಕ್ಸ್‌ಪೋಷರಿನ ಫಲ. ಬೇರೆ ಊರು, ಬೇರೆ ಉಪಕರಣಗಳಲ್ಲೂ ಅದು ಅದೇ ಜಾಗದಲ್ಲಿ ಕಂಡ ಮೇಲೆಯೇ ನಂಬಿಕೆ ಬಂದದ್ದು. ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾದ್ದೇ ಅದು, ಇಲ್ಲ ದಾರಿಯ ನಡುವೆ ನಮ್ಮ ಕ್ಷೀರಪಥದಲ್ಲೇ ತೇಲುವ ಅನಿಲವೇ ಎಂಬ ಚರ್ಚೆ ನಡೆದಿದೆ. ಇತ್ತೀಚಿನ ಅಧ್ಯಯನಗಳು ಕ್ಷೀರಪಥದ ಕಡೆಗೆ ವಾಲಿವೆ. ನನಗೆ ಮುಖ್ಯವಾದದ್ದು ಬೇರೆ: ಅಷ್ಟು ಕ್ಯಾಮೆರಾಗಳು ನೋಡಿದ ಜಾಗವನ್ನು ಆ ಒಂದು ಬಣ್ಣದಲ್ಲಿ ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

ಎರಡು ಚಳಿಗಾಲದಲ್ಲಿ ನನ್ನ ಸ್ಕ್ವಿಡ್‌ಗೆ ಮೂವತ್ತೊಂದು ಗಂಟೆ ಕೂಡಿದೆ. ದೇಹದ ಎಡ ಅಂಚಿನ ನೀಲಿ ಗೆರೆ ಈಗ ಕಾಣುತ್ತದೆ, ಬಲದ್ದು ಇನ್ನೂ ಇಲ್ಲ. ನವೆಂಬರಿನ ಅಮಾವಾಸ್ಯೆಗೆ ಪಂಚೆ ಒಗೆದಿಟ್ಟಿದ್ದೇನೆ.