ಕುರುಡುಮಲೆ ಸೀಮೆಯ ಗೇರ್ ಬಾಕ್ಸುಗಳು

ಮುಳಬಾಗಿಲಿನಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ ಕುರುಡುಮಲೆ. ಸುತ್ತ ಬಂಡೆಗಳ ಗುಡ್ಡ, ನಡುವೆ ಊರು, ಊರಲ್ಲಿ 13.5 ಅಡಿ ಎತ್ತರದ ಏಕಶಿಲಾ ಗಣಪ. ಚೋಳರ ಕಾಲದ ಸೋಮೇಶ್ವರ ದೇಗುಲವೂ ಇಲ್ಲೇ ಇದೆ. ಅದರ ಅರ್ಧ ಕೆಲಸ ಶಿಲ್ಪಿ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣಾಚಾರಿಯದು ಎಂದು ಊರಿನವರು ಕಂಬಗಳನ್ನು ತೋರಿಸಿ ಹೇಳುತ್ತಾರೆ. ಹೊಸ ಕೆಲಸಕ್ಕೆ ಕೈಹಾಕುವ ಮುನ್ನ ಈ ಗಣಪನಿಗೆ ಕೈಮುಗಿಯುವುದು ಸೀಮೆಯ ವಾಡಿಕೆ. ಚುನಾವಣೆ ಬಂದರೆ ರಾಜಕಾರಣಿಗಳೂ ಪ್ರಚಾರಕ್ಕೆ ಹೊರಡುವ ಮೊದಲು ಇಲ್ಲಿಗೆ ಬರುತ್ತಾರೆ.

ದರ್ಶನ ಮುಗಿಸಿ ಹೊರಡುವವರಿಗೆ ಈ ಸೀಮೆಯ ಇನ್ನೊಂದು ಮುಖ ಕಾಣುವುದು ಅಪರೂಪ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಹಾಗಿದ್ದೂ ಇಲ್ಲಿನ ಜನ ಹಾಲು, ಟೊಮೆಟೊ, ಮಾವು, ರೇಷ್ಮೆ, ಹೆಂಚು, ಇಟ್ಟಿಗೆಯಿಂದ ಬದುಕು ಕಟ್ಟಿಕೊಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಎಲ್ಲಾದರೂ ಒಂದು ಕಡೆ ಯಂತ್ರ ಬೇಕು, ಆ ಯಂತ್ರದ ಮೋಟರಿಗೂ ಕೆಲಸಕ್ಕೂ ನಡುವೆ ಬೀಡುಕಬ್ಬಿಣದ ಒಂದು ಪೆಟ್ಟಿಗೆ ಇರುತ್ತದೆ. ಅದು ಗೇರ್ ಬಾಕ್ಸ್. ಕೆಡುವವರೆಗೂ ಅದನ್ನು ಯಾರೂ ಗಮನಿಸುವುದಿಲ್ಲ. ಕೆಟ್ಟ ದಿನ ಮಾತ್ರ ಇಡೀ ಕಾರ್ಖಾನೆ ಅದರ ಮುಂದೆ ನಿಂತಿರುತ್ತದೆ.

ಹಾಲಿನಿಂದಲೇ ಶುರು ಮಾಡೋಣ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್ ಎಂಬ ಸ್ಟೀಲ್ ತೊಟ್ಟಿ ಇರುತ್ತದೆ. ಕರೆದ ಬಿಸಿ ಆರದ, ಸುಮಾರು 35 ಡಿಗ್ರಿಯ ಹಾಲನ್ನು ಅದು 4 ಡಿಗ್ರಿಗೆ ಇಳಿಸುತ್ತದೆ. ತಂಪಾಗುವುದು ತೊಟ್ಟಿಯ ತಳ. ಹಾಲೆಲ್ಲ ಆ ತಳವನ್ನು ಸವರಿಕೊಂಡು ಹೋಗಬೇಕಾದರೆ ಅದನ್ನು ಕಲಕುತ್ತಲೇ ಇರಬೇಕು. ಆದರೆ ಜೋರಾಗಿ ಕಲಕಿದರೆ ನೊರೆ ಏಳುತ್ತದೆ, ಕೊಬ್ಬಿನ ಕಣಗಳು ಒಡೆದು ಬೆಣ್ಣೆ ಕಟ್ಟುತ್ತದೆ. ಆದ್ದರಿಂದ ಕಲಕುವ ರೆಕ್ಕೆ ನಿಮಿಷಕ್ಕೆ ಸುಮಾರು 30 ಸುತ್ತು ತಿರುಗಿದರೆ ಸಾಕು. ಅದನ್ನು ತಿರುಗಿಸುವ ಪುಟ್ಟ ಮೋಟರಾದರೋ ನಿಮಿಷಕ್ಕೆ 1,440 ಸುತ್ತಿನದು. ತೊಟ್ಟಿಯ ಮೇಲೆ ಕುಳಿತ, ಒಂದು ಕೈಯಲ್ಲಿ ಎತ್ತಬಹುದಾದ ಗೇರ್ ಬಾಕ್ಸು ಆ 1,440ನ್ನು 30ಕ್ಕೆ ಇಳಿಸುತ್ತದೆ. ಅದರ ಶಾಫ್ಟು ನೆಟ್ಟಗೆ ಕೆಳಮುಖವಾಗಿ ಹಾಲಿನೊಳಕ್ಕೆ ಇಳಿದಿರುತ್ತದೆ. ಶಾಫ್ಟು ಹೊರಬರುವ ಜಾಗದ ಆಯಿಲ್ ಸೀಲು ಸವೆದರೆ ಎಣ್ಣೆ ಎಲ್ಲಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಇಲ್ಲಿ ಆಹಾರಕ್ಕೆ ಒಗ್ಗುವ ಗ್ರೀಸೇ ಬೇಕು, ಸೀಲಿನ ಕೆಳಗೆ ಜಿನುಗನ್ನು ಹಿಡಿಯುವ ಬಟ್ಟಲೂ ಬೇಕು. ಬೆಲೆ ಕಡಿಮೆ ಎಂದು ಬೇರೆ ಪೆಟ್ಟಿಗೆ ತಂದು ಕೂರಿಸುವ ಜಾಗ ಇದಲ್ಲ.

ಮೋಟರು ಮೊದಲೇ ಯಾಕೆ ನಿಧಾನವಾಗಿ ತಿರುಗಬಾರದು ಎಂದು ಕೇಳಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ನಾಲ್ಕು ಪೋಲಿನ, ಅಂದರೆ ನಾಲ್ಕು ಕಾಂತಧ್ರುವದ, ಮೋಟರು ಆ ಲೆಕ್ಕದಲ್ಲಿ 1,500 ಸುತ್ತಿನ ಹತ್ತಿರ ಓಡುತ್ತದೆ, ಹೊರೆ ಬಿದ್ದಾಗ 1,440ರ ಆಸುಪಾಸಿಗೆ ಇಳಿಯುತ್ತದೆ. ಪೋಲುಗಳನ್ನು ಹೆಚ್ಚಿಸಿ ನಿಧಾನ ಮಾಡಬಹುದು, ಆಗ ಮೋಟರೇ ದೊಡ್ಡದಾಗಿ ಬೆಲೆ ಏರುತ್ತದೆ. ಪಂಪಿಗೆ, ಫ್ಯಾನಿಗೆ ಮೋಟರಿನ ವೇಗವೇ ಒಪ್ಪುತ್ತದೆ. ಕಲಸುವ, ಅರೆಯುವ, ಎತ್ತುವ, ಎಳೆಯುವ ಕೆಲಸಕ್ಕೆ ಒಪ್ಪುವುದಿಲ್ಲ. ಗಾಣ ಸುತ್ತುತ್ತಿದ್ದ ಎತ್ತನ್ನು ನೆನೆಸಿಕೊಳ್ಳಿ: ನಿಧಾನ ನಡಿಗೆ, ಭಾರಿ ಎಳೆತ, ಕೆಲಸಕ್ಕೆ ತಕ್ಕ ವೇಗದಲ್ಲೇ ಅದು ಹುಟ್ಟಿತ್ತು. ಮೋಟರಿಗೆ ವೇಗ ಹೆಚ್ಚು, ಎಳೆತ ಕಡಿಮೆ. ಗೇರ್ ಬಾಕ್ಸು ವೇಗವನ್ನು ಕೊಟ್ಟು ಬಲವನ್ನು ಕೊಳ್ಳುತ್ತದೆ. 1,440ನ್ನು 30 ಮಾಡಿದರೆ ವೇಗ 48ರಲ್ಲಿ ಒಂದು ಪಾಲಿಗೆ ಇಳಿಯಿತು. ತಿರುಗಿಸುವ ಬಲ, ಅಂದರೆ ಟಾರ್ಕು, ಒಳಗಿನ ಶಕ್ತಿಯ ಸೋರಿಕೆಯನ್ನು ಬದಿಗಿಟ್ಟರೆ 48 ಪಟ್ಟಾಯಿತು.

ಈ ಲೆಕ್ಕದ ನಿಜವಾದ ತೂಕ ತಿಳಿಯಬೇಕಾದರೆ ಮಾಲೂರಿಗೆ ಹೋಗಬೇಕು. ಮಾಲೂರಿನ ಹೆಂಚು, ಇಟ್ಟಿಗೆಗೆ ಕೆರೆಯಂಗಳದ ಜೇಡಿಮಣ್ಣು ಆಧಾರ. ಆ ಮಣ್ಣನ್ನು ಪಗ್ ಮಿಲ್ಲಿನಲ್ಲಿ ಕಲಸಿ, ಗಾಳಿ ಹೀರಿ ತೆಗೆದು, ತಿರುಪಿನಂಥ ಶಾಫ್ಟಿನಿಂದ ಬಾಯಿಯ ಕಡೆಗೆ ನೂಕುತ್ತಾರೆ. ಬಾಯಿಂದ ಮಣ್ಣಿನ ಪಟ್ಟಿ ಹೊರಬಂದಂತೆ ತಂತಿ ಅದನ್ನು ಇಟ್ಟಿಗೆಗಳಾಗಿ ಕತ್ತರಿಸುತ್ತದೆ. ಲೆಕ್ಕಕ್ಕೆ 30 ಹೆಚ್‌ಪಿ ಮೋಟರು, ನಿಮಿಷಕ್ಕೆ 30 ಸುತ್ತಿನ ತಿರುಪು ಎಂದಿಟ್ಟುಕೊಳ್ಳಿ. 30 ಹೆಚ್‌ಪಿ ಎಂದರೆ ಸುಮಾರು 22 ಕಿಲೋವ್ಯಾಟ್. ಕಿಲೋವ್ಯಾಟನ್ನು 9,550ರಿಂದ ಗುಣಿಸಿ ಸುತ್ತಿನ ಸಂಖ್ಯೆಯಿಂದ ಭಾಗಿಸಿದರೆ ಟಾರ್ಕು ನ್ಯೂಟನ್ ಮೀಟರಿನಲ್ಲಿ ಸಿಗುತ್ತದೆ. ಮೋಟರಿನ ಶಾಫ್ಟಿನಲ್ಲಿ ಅದು ಬರೀ 146. ತಿರುಪಿನ ಬುಡದಲ್ಲಿ ಸುಮಾರು 7,000. ಒಂದು ಮೀಟರ್ ಉದ್ದದ ತೋಳಿನ ತುದಿಗೆ 700 ಕಿಲೋ ತೂಗುಹಾಕಿದಷ್ಟು.

ಹಾಗಂತ 7,000ದ ಪೆಟ್ಟಿಗೆ ತಂದರೆ ಸಾಲದು. ಮಣ್ಣು ಒಂದೇ ಹದದಲ್ಲಿ ಬರುವುದಿಲ್ಲ. ಒಮ್ಮೆ ಗಟ್ಟಿ, ಒಮ್ಮೆ ಸಡಿಲ, ನಡುವೆ ಕಲ್ಲಿನ ಚೂರು. ಎಲ್ಲಕ್ಕಿಂತ ಕ್ರೂರ ಗಳಿಗೆ ಕರೆಂಟು ಹೋಗಿ ಬಂದಾಗಿನದು. ಉರುಳೆಯೊಳಗೆ ಮಣ್ಣು ಬಿಗಿದು ಕೂತಿರುತ್ತದೆ, ಸ್ವಿಚ್ಚು ಒತ್ತಿದೊಡನೆ ಮೋಟರು ತನ್ನ ಎಂದಿನ ಟಾರ್ಕಿನ ಎರಡು ಪಟ್ಟಿಗೂ ಮಿಕ್ಕಿ ಎಳೆಯುತ್ತದೆ, ಆ ಏಟೆಲ್ಲ ಬೀಳುವುದು ಗೇರಿನ ಹಲ್ಲುಗಳ ಮೇಲೆ. ಇದಕ್ಕಾಗಿಯೇ ಸರ್ವಿಸ್ ಫ್ಯಾಕ್ಟರ್ ಎಂಬ ಗುಣಕ ಇದೆ. ಏರಿಳಿತವಿಲ್ಲದೆ ದಿನಕ್ಕೆ ಎಂಟು ಹತ್ತು ಗಂಟೆ ಓಡುವ ಕನ್ವೇಯರಿಗೆ 1 ಸಾಕು. ಇಂಥ ಗುದ್ದು ತಿನ್ನುವ ಕೆಲಸಕ್ಕೆ 1.5, ಕೆಲವೊಮ್ಮೆ 1.75 ಅಥವಾ 2. ಗುಣಕ 1.5 ಎಂದು ಹಿಡಿದರೂ ನಮ್ಮ ಇಟ್ಟಿಗೆ ಯಂತ್ರಕ್ಕೆ ಬೇಕಾದ್ದು 10,500 ನ್ಯೂಟನ್ ಮೀಟರಿನ ಪೆಟ್ಟಿಗೆ. ಇಷ್ಟು ಸಾಲದೆಂಬಂತೆ, ಮಣ್ಣನ್ನು ಮುಂದಕ್ಕೆ ನೂಕುವ ತಿರುಪು ಅಷ್ಟೇ ಬಲದಿಂದ ಹಿಂದಕ್ಕೂ ಒತ್ತುತ್ತದೆ. ಆ ಒತ್ತಡವನ್ನು ಹೊರಲು ಪ್ರತ್ಯೇಕ ಥ್ರಸ್ಟ್ ಬೇರಿಂಗು ಇರಬೇಕು. ಅದಿಲ್ಲದೆ ತಿರುಪನ್ನು ನೇರ ಗೇರ್ ಬಾಕ್ಸಿಗೆ ಜೋಡಿಸಿದರೆ ಒಳಗಿನ ಬೇರಿಂಗು ಬಲುಬೇಗ ಹೋಗುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು: “ಸಾರ್, ಐದು ಹೆಚ್‌ಪಿಗೆ ಒಂದು ಗೇರ್ ಬಾಕ್ಸ್ ಕೊಡಿ.” ತಿಳಿದ ಅಂಗಡಿಯವರು ತಿರುಗಿ ಕೇಳುತ್ತಾರೆ: “ಎಷ್ಟು ಆರ್‌ಪಿಎಂ ಬೇಕಣ್ಣ? ಏನು ಕೆಲಸಕ್ಕೆ?” ನಿಮಿಷಕ್ಕೆ ಎಷ್ಟು ಸುತ್ತು, ಏನು ಕೆಲಸ ಎಂಬ ಈ ಎರಡು ಪ್ರಶ್ನೆ ಬಾರದಿದ್ದರೆ ಆ ಅಂಗಡಿಯಿಂದ ಎದ್ದು ಬರುವುದೇ ಲೇಸು. ಅದೇ 5 ಹೆಚ್‌ಪಿ ಮೋಟರಿಗೆ 10ರ ರೇಷಿಯೋ, ಅಂದರೆ ವೇಗವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ಅನುಪಾತ, ಹಾಕಿದರೆ ಸೋರಿಕೆ ಬದಿಗಿಟ್ಟು ಹೊರಬರುವ ಟಾರ್ಕು ಸುಮಾರು 245 ನ್ಯೂಟನ್ ಮೀಟರ್, 60ರ ರೇಷಿಯೋ ಹಾಕಿದರೆ ಸುಮಾರು 1,470. ಮೋಟರು ಒಂದೇ ಆದರೂ ಒಂದಕ್ಕೆ ಬೇಕಾದ ಪೆಟ್ಟಿಗೆ ಇನ್ನೊಂದಕ್ಕೆ ಆಗದು. ಬೆಲೆಯಲ್ಲೂ ದೊಡ್ಡ ಅಂತರ.

ಇನ್ನು ಗೇರ್ ಬಾಕ್ಸಿನ ಬಗೆಯ ಆಯ್ಕೆ. ಸಣ್ಣ ಕೆಲಸಗಳಲ್ಲಿ ಹೆಚ್ಚಾಗಿ ಕಾಣುವುದು ವರ್ಮ್: ಉಕ್ಕಿನ ತಿರುಪು, ಅದಕ್ಕೆ ಕಚ್ಚಿದ ಕಂಚಿನ ಚಕ್ರ. ಅಗ್ಗ, ಚಿಕ್ಕದು, ಸದ್ದಿಲ್ಲ. ಆದರೆ ಅಲ್ಲಿ ಲೋಹದ ಮೇಲೆ ಲೋಹ ಜಾರುತ್ತಲೇ ಇರುತ್ತದೆ. ರೇಷಿಯೋ 48ರಷ್ಟಾದರೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಸುಮಾರು 30 ಪಾಲು ಶಾಖವಾಗಿ ಹೋಗಬಹುದು. ಓರೆ ಹಲ್ಲಿನ ಹೆಲಿಕಲ್ ಪೆಟ್ಟಿಗೆಯಲ್ಲಿ ಮೂರು ಹಂತ ದಾಟಿದರೂ ಸೋರಿಕೆ ನೂರಕ್ಕೆ ಆರು ದಾಟುವುದು ಕಡಿಮೆ. ಮಾಲೂರಿನ ನಮ್ಮ 22 ಕಿಲೋವ್ಯಾಟಿನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಪೂರ್ತಿ ಹೊರೆಯಲ್ಲಿ ಹತ್ತು ಗಂಟೆ ಓಡಿದರೆ ದಿನಕ್ಕೆ 50 ಯೂನಿಟ್ಟಿಗೂ ಮೀರಿದ ವ್ಯತ್ಯಾಸ. ಹೆಲಿಕಲ್ ದುಬಾರಿ ಎನ್ನುವವರು ಕರೆಂಟು ಬಿಲ್ಲನ್ನೂ ಪಕ್ಕದಲ್ಲಿಟ್ಟು ಮಾತಾಡಬೇಕು. ಹಾಲಿನ ಕೂಲರಿನಂಥ ಸಣ್ಣ ಕೆಲಸಕ್ಕೆ ವರ್ಮ್ ಸಾಕು, ದಿನವಿಡೀ ಹೊರೆ ಹೊರುವ ಯಂತ್ರಕ್ಕೆ ಅದು ನಷ್ಟದ ಬಾಬತ್ತು ಎಂಬುದೇ ನನ್ನ ಅಭಿಪ್ರಾಯ.

ಶ್ರೀನಿವಾಸಪುರದ ಮಾವಿನಂಥ ಹಣ್ಣನ್ನು ತೊಳೆದು ಮೇಲಕ್ಕೆ ಒಯ್ಯುವ ಏರುಪಟ್ಟಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕರೆಂಟು ಹೋದಾಗ ಪಟ್ಟಿ ಹಿಂದಕ್ಕೆ ಜಾರಬಾರದು. ದೊಡ್ಡ ರೇಷಿಯೋದ ವರ್ಮ್ ತಾನಾಗಿ ತಡೆಯುತ್ತದೆ ಎಂದು ಹಲವರು ನಂಬಿರುತ್ತಾರೆ. ಅದುರುವಿಕೆ ಇದ್ದಲ್ಲಿ, ಹಲ್ಲು ನುಣುಪಾದಲ್ಲಿ ಆ ತಡೆ ನೆಚ್ಚುವಂಥದ್ದಲ್ಲ. ಹಿನ್ನಡೆ ತಡೆಯುವ ಬ್ಯಾಕ್‌ಸ್ಟಾಪ್ ಅಥವಾ ಬ್ರೇಕನ್ನು ಬೇರೆಯಾಗಿಯೇ ಹಾಕಿಸಬೇಕು.

ಗೇರುಗಳ ಈ ವಿದ್ಯೆಯ ದೊಡ್ಡ ಮನೆ ಮುಳಬಾಗಿಲಿನ ನೈರುತ್ಯಕ್ಕಿರುವ ಕೆಜಿಎಫ್. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಅಲ್ಲಿನ ಚಿನ್ನದ ಗಣಿಗಳಿಗೆ ಬಂತು. ಗಣಿ 2001ರಲ್ಲಿ ಮುಚ್ಚಿತು. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ಕೆಜಿಎಫ್ ಘಟಕ ಉಳಿಯಿತು. ಬುಲ್ಡೋಜರು, ಎಕ್ಸ್‌ಕವೇಟರುಗಳ ಜೊತೆಗೆ ಅವುಗಳ ಟ್ರಾನ್ಸ್‌ಮಿಷನ್, ಆಕ್ಸಲ್‌ಗಳೂ ಅಲ್ಲಿ ತಯಾರಾಗುತ್ತವೆ. ಇಂಥ ಭಾರಿ ಯಂತ್ರಗಳ ಚಕ್ರದ ಬಳಿ ಪ್ಲಾನೆಟರಿ ಗೇರು ಇರುತ್ತದೆ. ನಡುವೆ ಒಂದು ಗೇರು, ಅದನ್ನು ಸುತ್ತುವ ಮೂರು ನಾಲ್ಕು ಪುಟ್ಟ ಗೇರು, ಎಲ್ಲವನ್ನೂ ಬಳಸಿದ ಒಳಹಲ್ಲಿನ ಉಂಗುರ. ಹೊರೆಯನ್ನು ಹಲವು ಹಲ್ಲುಗಳು ಹಂಚಿಕೊಳ್ಳುವುದರಿಂದ ಕಡಿಮೆ ಜಾಗದಲ್ಲಿ ಅಗಾಧ ಟಾರ್ಕು ಸಿಗುತ್ತದೆ.

ಎಷ್ಟೇ ಸರಿಯಾಗಿ ಆರಿಸಿದರೂ ಗೇರ್ ಬಾಕ್ಸಿನ ಆಯುಷ್ಯ ಎಣ್ಣೆಯ ಕೈಯಲ್ಲಿದೆ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಉದುರುತ್ತದೆ. ಆದ್ದರಿಂದ ಮೊದಲ ಎಣ್ಣೆಯನ್ನು ಸುಮಾರು 500 ಗಂಟೆಗೆ ಬಸಿದುಬಿಡಬೇಕು. ಮೇಲೆ ಮೂಗಿನಂತೆ ಕಾಣುವ ಬ್ರೀದರಿನಲ್ಲಿ ಇಟ್ಟಿಗೆ ಗೂಡಿನ ಧೂಳು ತುಂಬಿಕೊಂಡರೆ ಒಳಗೆ ಒತ್ತಡ ಏರಿ ಸೀಲಿನಿಂದ ಎಣ್ಣೆ ಜಿನುಗುತ್ತದೆ. ಸೀಲು ಬದಲಿಸುವ ಮುನ್ನ ಬ್ರೀದರ್ ಬಿಚ್ಚಿ ನೋಡಿ. ಅಡ್ಡಲಾಗಿದ್ದ ಪೆಟ್ಟಿಗೆಯನ್ನು ನಿಲ್ಲಿಸಿ ಕೂರಿಸಿದರೆ ಎಣ್ಣೆಯ ಮಟ್ಟವೂ ಬದಲಾಗಬೇಕು. ಹಳೇ ಅಳತೆಗೆ ತುಂಬಿದರೆ ಮೇಲಿನ ಬೇರಿಂಗು ಒಣಗಿ ಸಾಯುತ್ತದೆ.

ಆಯುಧಪೂಜೆಗೆ ಈ ಪೆಟ್ಟಿಗೆಗಳಿಗೂ ಅರಿಶಿನ ಕುಂಕುಮ ಬೀಳುತ್ತದೆ. ಈ ಸಲ ಅವಕ್ಕಂಟಿದ ತಗಡಿನ ಪಟ್ಟಿಯ ಮೇಲಿನ ಬಣ್ಣವನ್ನೂ ಮಣ್ಣನ್ನೂ ಒರೆಸಿ, ಅಲ್ಲಿರುವ ಮಾಡೆಲ್ ನಂಬರು, ರೇಷಿಯೋ, ಆರ್‌ಪಿಎಂ, ಎಣ್ಣೆಯ ದರ್ಜೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಫ್ಟಿನ ವ್ಯಾಸವನ್ನೂ ಅಳೆದು ಸೇರಿಸಿ. ಗೇರು ಮುರಿದ ದಿನ ಅಂಗಡಿಯವರು ಕೇಳುವುದು ಇದನ್ನೇ.