ಅತ್ತರೆ ನಂಬಿಕೆ ಕಡಿಮೆಯೇ?

ಅಪ್ಪ ತೀರಿಕೊಂಡಾಗ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಸವಕಲ್ಯಾಣದ ಪಕ್ಕದ ನಮ್ಮೂರು ನಾರಾಯಣಪುರಕ್ಕೆ ಬಂದೆ. "ಸ್ವರ್ಗಕ್ಕ ಹೋಗ್ಯಾರ, ಅಳಬ್ಯಾಡ" ಅಂದರು ಬಂದವರೆಲ್ಲ. ಹಲ್ಲು ಕಚ್ಚಿ ಕೂತೆ.

ಅಪ್ಪನ ತಾಯಿ, ನಮ್ಮ ಆಯಿ, ಹತ್ತಿರ ಬಂದಳು. "ಲಾಜರ ಸತ್ತಾಗ ಯೇಸುಸ್ವಾಮಿನೂ ಅತ್ತಾನ. ನೀ ಯಾಕ ತಡಕೋತಿ ಮಗಾ?" ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವು.

ಆಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಮತ್ತೆ ಓದಿದೆ. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಅಳುತ್ತಾನೆ. ಅಂದಮೇಲೆ ಪುನರುತ್ಥಾನದ ನಿರೀಕ್ಷೆ, ಕಣ್ಣೀರು ಎರಡೂ ಒಟ್ಟಿಗೇ ಇರಬಹುದು.

ಈಗ ಅವ್ವನ ಬಯಾಪ್ಸಿ ರಿಪೋರ್ಟ್‌ಗೆ ಕಾಯುತ್ತಿದ್ದೇನೆ. ನಾಳೆಯ ಚಿಂತೆ ನಾಳೆಗಿರಲಿ ಎನ್ನುವ ಮತ್ತಾಯ 6ನೇ ಅಧ್ಯಾಯ ಬಾಯಿಗೆ ಬರುತ್ತದೆ, ನಿದ್ದೆ ಬರುವುದಿಲ್ಲ. ಭಯವನ್ನೇ ಪ್ರಾರ್ಥನೆಯಲ್ಲಿ ಹೇಳಿಕೊಳ್ಳುತ್ತೇನೆ. ಬೆಳಗಾದರೆ ಅವ್ವಗೆ ಫೋನ್ ಮಾಡುತ್ತೇನೆ.

ನಿಮ್ಮವರು ಅಳುತ್ತಿದ್ದರೆ ತಡೀಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ.